ಸೀಡಿ ಹಾಕದೆ ಹಳೇ ಆಟ ಆಡಲು ಯಾವ ದಾರಿ ಒಳ್ಳೆಯದು?

ಕಾರವಾರದಲ್ಲಿ ಮಳೆಗಾಲ ಶುರುವಾದರೆ ಬೂಷ್ಟು ಮೊದಲು ಹಿಡಿಯುವುದು ಚರ್ಮದ ಚಪ್ಪಲಿಗೆ. ಆಮೇಲೆ ಬೆಲ್ಟಿಗೆ, ಆಮೇಲೆ ಕಪಾಟಿನ ಪುಸ್ತಕಗಳಿಗೆ. ಸೀಡಿಗೂ ಹಿಡಿಯುತ್ತದೆ ಅಂತ ನನಗೆ ಗೊತ್ತಾಗಿದ್ದು ಹೋದ ವರ್ಷದ ಚೌತಿಯಲ್ಲಿ.

ಹಬ್ಬಕ್ಕೆ ಶಿರಸಿಯಿಂದ ಅಕ್ಕನ ಮನೆಯವರು ಬಂದಿದ್ದರು. ಸಂಜೆಯ ಆರತಿ ಮುಗಿದಿತ್ತು, ಹೊರಗೆ ಮಳೆ ಜಡಿಯುತ್ತಿತ್ತು. ಅಕ್ಕನ ಮಗ ಅಟ್ಟದಿಂದ ಒಂದು ಬಿಸ್ಕಿಟ್ ಡಬ್ಬಿ ಇಳಿಸಿಕೊಂಡು ಬಂದ. ಒಳಗೆ ನನ್ನ 23 ಆಟದ ಸೀಡಿಗಳು. 1998ರಿಂದ 2006ರ ತನಕ ಒಂದೊಂದಾಗಿ ಕೂಡಿಟ್ಟವು. ಕೆಲವು ಹುಬ್ಬಳ್ಳಿಗೆ ಹೋದಾಗ ತಂದದ್ದು, ಕೆಲವು ಮಡಗಾಂವಿನಿಂದ. ಅವನು ಒಂದನ್ನು ಕೈಯಲ್ಲಿ ಹಿಡಿದು ಲ್ಯಾಪ್‌ಟಾಪನ್ನು ನಾಲ್ಕೂ ಕಡೆ ತಿರುಗಿಸಿ ನೋಡಿದ. "ಮಾವ, ಇದ್ನ ಹಾಕದು ಎಲ್ಲಿ?"

ಹಾಕಲು ಜಾಗವೇ ಇರಲಿಲ್ಲ. ಈಗಿನ ಲ್ಯಾಪ್‌ಟಾಪ್‌ಗಳಿಗೆ ಡ್ರೈವ್ ಬರುವುದಿಲ್ಲ. ನಾನು ಆ ಸೀಡಿಯನ್ನು ಟ್ಯೂಬ್‌ಲೈಟಿಗೆ ಅಡ್ಡ ಹಿಡಿದೆ. ಅಂಚಿನಿಂದ ಒಳಗೆ ಜೇಡರ ಬಲೆಯಂಥ ತೆಳು ಎಳೆಗಳು. ಇನ್ನೊಂದನ್ನು ಹಿಡಿದರೆ ಸೂಜಿ ಚುಚ್ಚಿದ ಹಾಗೆ ಮೂರು ತೂತುಗಳಿಂದ ಬೆಳಕು ಬಂತು. ಅಂದರೆ ಅಲ್ಲಿನ ಅಲ್ಯೂಮಿನಿಯಂ ಪದರ ಹೋಗಿದೆ. ಅಲ್ಲಿದ್ದ ಮಾಹಿತಿಯೂ ಹೋಗಿದೆ.

ಅವತ್ತಿನಿಂದ ಆ ಡಬ್ಬಿಯ ಒಂದೊಂದೇ ಸೀಡಿ ತೆಗೆದು, ಅದನ್ನು ಡ್ರೈವ್‌ನಲ್ಲಿ ಇಡದೆ ಆಟ ನಡೆಸುವ ದಾರಿ ಹುಡುಕುತ್ತ ಬಂದೆ. ಎಲ್ಲ ಆಟಕ್ಕೂ ಒಂದೇ ದಾರಿ ಆಗುವುದಿಲ್ಲ. ಅದು ತಿಳಿಯದೆ ಶುರು ಮಾಡಿದರೆ ವಾರಗಟ್ಟಲೆ ಸುಮ್ನೆ ಒದ್ದಾಡಬೇಕಾಗುತ್ತದೆ. ನಿಮ್ಮ ಕೈಯಲ್ಲಿರುವ ಆಟಕ್ಕೆ ಯಾವುದು ಸರಿ ಅಂತ ಆರಿಸಲು ಇದು ನೆರವಾಗಲಿ ಅಂತ ಬರೆಯುತ್ತಿದ್ದೇನೆ.

ಆಟ ಸೀಡಿ ಕೇಳುವುದು ಯಾಕೆ?

ಮೊದಲು ಇದು ತಿಳಿಯಬೇಕು. ಕಾರಣ ಮೂರು, ಮೂರೂ ಬೇರೆ ಬೇರೆ.

ಒಂದು, ಜಾಗದ ಸಮಸ್ಯೆ. 1990ರ ದಶಕದ ಹಾರ್ಡ್ ಡಿಸ್ಕ್ ಚಿಕ್ಕದು. ಒಂದು ಸೀಡಿಯಲ್ಲಿ 650ರಿಂದ 700 ಎಂಬಿ ಹಿಡಿಯುತ್ತಿತ್ತು. ಅಷ್ಟನ್ನೂ ಕಂಪ್ಯೂಟರಿಗೆ ಹಾಕಿಕೊಂಡರೆ ಬೇರೆಯದಕ್ಕೆ ಜಾಗ ಉಳಿಯುತ್ತಿರಲಿಲ್ಲ. ಹಾಗಾಗಿ ಮುಖ್ಯ ಫೈಲುಗಳನ್ನಷ್ಟೇ ಇನ್‌ಸ್ಟಾಲ್ ಮಾಡಿ, ವಿಡಿಯೋ, ಧ್ವನಿ, ನಕ್ಷೆಗಳನ್ನು ಆಡುವಾಗ ಸೀಡಿಯಿಂದಲೇ ಓದುತ್ತಿತ್ತು. ಆಟದ ನಡುವೆ ಡ್ರೈವ್ ಗುಂಯ್ ಅಂತ ತಿರುಗುತ್ತಿದ್ದದ್ದು ನೆನಪಿದೆ ಅಲ್ವಾ? ಅದು ಇದೇ.

ಎರಡು, ಸಂಗೀತ. ಕೆಲವು ಆಟಗಳ ಸೀಡಿಯಲ್ಲಿ ಮೊದಲ ಟ್ರ್ಯಾಕ್ ಮಾತ್ರ ಕಂಪ್ಯೂಟರಿನ ಮಾಹಿತಿ, ಎರಡನೆಯದರಿಂದ ಮುಂದೆ ಮಾಮೂಲಿ ಹಾಡಿನ ಸೀಡಿಯಲ್ಲಿರುವಂಥ ಆಡಿಯೋ. 1996ರ ಕ್ವೇಕ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಸಂಗೀತ ಮಾಡಿದ್ದು ನೈನ್ ಇಂಚ್ ನೇಲ್ಸ್ ಎಂಬ ಅಮೆರಿಕದ ರಾಕ್ ಬ್ಯಾಂಡ್. ಆ ಸೀಡಿಯನ್ನು ನಾನು ಒಮ್ಮೆ ಮನೆಯ ಸೀಡಿ ಪ್ಲೇಯರಿಗೆ ಹಾಕಿ, ಮೊದಲ ಟ್ರ್ಯಾಕ್ ದಾಟಿಸಿ, ಎರಡನೆಯದನ್ನು ಕೇಳಿದ್ದೆ. ಟೀವಿ ಪಕ್ಕದ ಸ್ಪೀಕರಿನಿಂದ ಆ ಕತ್ತಲೆ ಕೋಟೆಯ ಸದ್ದು ಬಂದಾಗ ಮೈ ಜುಮ್ಮೆಂದಿತ್ತು.

ಮೂರು, ಕಾವಲು. ಸೀಡಿ ನಕಲು ಮಾಡುವುದನ್ನು ತಡೆಯಲು ಕಂಪನಿಗಳು ಇಟ್ಟ ಬೀಗ. ಸೇಫ್‌ಡಿಸ್ಕ್, ಸೆಕ್ಯುರಾಮ್, ಸ್ಟಾರ್‌ಫೋರ್ಸ್ ಅಂತ ಇವುಗಳ ಹೆಸರು. ಮಾಹಿತಿ ಪೂರ್ತಿ ಹಾರ್ಡ್ ಡಿಸ್ಕ್‌ನಲ್ಲೇ ಇದ್ದರೂ, ಅಸಲಿ ಸೀಡಿ ಡ್ರೈವ್‌ನಲ್ಲಿ ಕಾಣದಿದ್ದರೆ ಆಟ ಬಾಗಿಲು ತೆಗೆಯುವುದಿಲ್ಲ.

ಮೊದಲ ಬಗೆಯ ಆಟ ಸುಲಭ. ಎರಡನೆಯದಕ್ಕೆ ಸ್ವಲ್ಪ ತಾಳ್ಮೆ ಬೇಕು. ಮೂರನೆಯದರಲ್ಲಿ ಆಯ್ಕೆ ಕಡಿಮೆ, ಕೆಲವೊಮ್ಮೆ ಒಂದೇ. ಅಂದಾಜಿಗೆ ಹೇಳುವುದಾದರೆ, 1990ರ ದಶಕದ ನಡುಭಾಗದ ಆಟಗಳಲ್ಲಿ ಮೊದಲೆರಡು ಬಗೆ ಜಾಸ್ತಿ. 2000ದ ನಂತರದವುಗಳಲ್ಲಿ ಮೂರನೆಯದು ಜಾಸ್ತಿ.

ಇಮೇಜ್ ಮಾಡಿಟ್ಟುಕೊಳ್ಳುವುದು

ನನಗೆ ಕೇಳಿದರೆ, ಯಾವ ದಾರಿ ಹಿಡಿದರೂ ಮೊದಲು ಮಾಡಬೇಕಾದ ಕೆಲಸ ಇದು. ಸೀಡಿಯಲ್ಲಿರುವುದನ್ನೆಲ್ಲ ಇದ್ದ ಹಾಗೇ ಒಂದು ಫೈಲ್ ಮಾಡಿಟ್ಟುಕೊಳ್ಳುವುದಕ್ಕೆ ಇಮೇಜ್ ಅನ್ನುತ್ತಾರೆ. ಆಮೇಲೆ ಆ ಫೈಲನ್ನೇ ಕಂಪ್ಯೂಟರಿಗೆ ಸೀಡಿ ಅಂತ ತೋರಿಸಬಹುದು. ಕಂಪ್ಯೂಟರು ಅದನ್ನು ನಿಜವಾದ ಡ್ರೈವ್ ಅಂತಲೇ ನೋಡುತ್ತದೆ.

ಇದಕ್ಕೆ ಒಂದು ಸಲವಾದರೂ ಡ್ರೈವ್ ಬೇಕು. ಯುಎಸ್‌ಬಿಯಲ್ಲಿ ಚುಚ್ಚುವ ಡಿವಿಡಿ ಡ್ರೈವ್ ಈಗಲೂ ಸಿಗುತ್ತದೆ. ಅಕ್ಕಪಕ್ಕದಲ್ಲಿ ಯಾರ ಹತ್ತಿರವಾದರೂ ಇದ್ದರೆ ಎರಡು ದಿನಕ್ಕೆ ಕೇಳಿ ತಂದರೂ ಸಾಕು. ಇಮೇಜ್ ಮಾಡಲು ಇಮ್ಗ್‌ಬರ್ನ್ ಎಂಬ ಉಚಿತ ತಂತ್ರಾಂಶ ಇದೆ. 2013ರ ನಂತರ ಅದಕ್ಕೆ ಹೊಸ ಆವೃತ್ತಿ ಬಂದಿಲ್ಲ, ಆದರೆ ಕೆಲಸ ಚೆನ್ನಾಗಿ ಮಾಡುತ್ತದೆ. ಇನ್‌ಸ್ಟಾಲ್ ಮಾಡುವಾಗ ಬೇಡದ ಬೇರೆ ತಂತ್ರಾಂಶ ಜೊತೆಗೆ ಬರದ ಹಾಗೆ ಪ್ರತಿ ಪುಟವನ್ನೂ ಓದಿ ಮುಂದೆ ಹೋಗಿ.

ಇಮೇಜ್ ಫೈಲಿನಲ್ಲಿ ಮುಖ್ಯವಾಗಿ ಎರಡು ಬಗೆ. ಐಎಸ್‌ಒ ಬೇಕೋ, ಬಿನ್-ಕ್ಯೂ ಬೇಕೋ ಎಂಬುದು ಈಗ ಪ್ರಶ್ನೆ. ಜನ ಇಲ್ಲೇ ತಪ್ಪುವುದು. ಐಎಸ್‌ಒ ಫೈಲಿನಲ್ಲಿ ಮಾಹಿತಿಯ ಟ್ರ್ಯಾಕ್ ಮಾತ್ರ ಇರುತ್ತದೆ. ಆಡಿಯೋ ಟ್ರ್ಯಾಕ್ ಅದರಲ್ಲಿ ಸೇರುವುದೇ ಇಲ್ಲ. ಸಂಗೀತ ಇರುವ ಸೀಡಿಯನ್ನು ಐಎಸ್‌ಒ ಮಾಡಿದರೆ ಆಟ ಓಡುತ್ತದೆ, ಆದರೆ ಸಂಗೀತವಿಲ್ಲದೆ. ಅಂಥ ಸೀಡಿಗೆ ಬಿನ್-ಕ್ಯೂ ಜೋಡಿಯೇ ಬೇಕು. ಬಿನ್ ಫೈಲಿನಲ್ಲಿ ಎಲ್ಲ ಟ್ರ್ಯಾಕ್‌ಗಳೂ ಇರುತ್ತವೆ. ಯಾವುದು ಎಲ್ಲಿ ಶುರುವಾಗುತ್ತದೆ ಎಂದು ಹೇಳುವ ಪುಟ್ಟ ಪಟ್ಟಿ ಕ್ಯೂ ಫೈಲು. ಎರಡನ್ನೂ ಒಂದೇ ಕಡೆ ಇಡಿ. ಒಂದಕ್ಕೊಂದು ಬಿಟ್ಟು ಹೋದರೆ ಉಪಯೋಗವಿಲ್ಲ. ಇಮ್ಗ್‌ಬರ್ನ್‌ಗೆ ಸೀಡಿ ಕೊಟ್ಟರೆ, ಒಂದಕ್ಕಿಂತ ಜಾಸ್ತಿ ಟ್ರ್ಯಾಕ್ ಕಂಡಾಗ ಅದೇ ಬಿನ್-ಕ್ಯೂ ಮಾಡುತ್ತದೆ.

ಮಾಡಿದ ಐಎಸ್‌ಒ ತೆರೆಯುವುದು ತುಂಬ ಸುಲಭ. 2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ ಫೈಲಿನ ಮೇಲೆ ಎರಡು ಸಲ ಒತ್ತಿದರೆ ಸಾಕು, ಹೊಸ ಡ್ರೈವ್ ಕಾಣಿಸುತ್ತದೆ. ಆದರೆ ಇದರಲ್ಲಿ ಎರಡು ಕೊರತೆ ಇದೆ. ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿದರೆ ಆ ಡ್ರೈವ್ ಹೋಗಿರುತ್ತದೆ, ಮತ್ತೆ ಮೌಂಟ್ ಮಾಡಬೇಕು, ಅಂದರೆ ಫೈಲನ್ನು ಡ್ರೈವ್ ಆಗಿ ತೆರೆಯಬೇಕು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋಗಿ ಬಂದಷ್ಟು ಸಲ ಈ ಕೆಲಸ. ಇನ್ನೊಂದು, ವಿಂಡೋಸ್‌ನ ಈ ಸೌಲಭ್ಯಕ್ಕೆ ಬಿನ್-ಕ್ಯೂ ಗೊತ್ತಾಗುವುದಿಲ್ಲ. ಬೇರೆ ಬಗೆಯ ಇಮೇಜ್‌ಗಳಿಗೆ ವಿನ್‌ಸಿಡಿಎಮು ಎಂಬ ಮುಕ್ತ ತಂತ್ರಾಂಶ ಚೆನ್ನಾಗಿದೆ. ವಿಂಡೋಸ್ 7 ಇರುವವರಿಗೆ ಐಎಸ್‌ಒಗೂ ಇಂಥದ್ದೊಂದು ಬೇಕೇ ಬೇಕು.

ಒಂದು ಚಿಕ್ಕ ವಿಷಯ ನನ್ನ ಎರಡು ಸಂಜೆ ತಿಂದಿತ್ತು, ಅದನ್ನೂ ಹೇಳುತ್ತೇನೆ. ಹಳೇ ಆಟಗಳು ತಾವು ಇನ್‌ಸ್ಟಾಲ್ ಆದ ಡ್ರೈವ್‌ನ ಅಕ್ಷರವನ್ನು ನೆನಪಿಟ್ಟುಕೊಳ್ಳುತ್ತವೆ. ನಾನು ಯುಎಸ್‌ಬಿ ಡ್ರೈವ್‌ನಲ್ಲಿ ಸೀಡಿ ಹಾಕಿ ಇನ್‌ಸ್ಟಾಲ್ ಮಾಡಿದೆ, ಅದು ಇ ಡ್ರೈವ್. ಆಮೇಲೆ ಡ್ರೈವ್ ಕಿತ್ತು, ಇಮೇಜ್ ಮೌಂಟ್ ಮಾಡಿದೆ, ಅದು ಎಫ್ ಆಯಿತು. ಆಟ "ಸೀಡಿ ಹಾಕಿ" ಅಂತ ಕೇಳುತ್ತಲೇ ಇತ್ತು. ಸೀಡಿ ಕಣ್ಣೆದುರೇ ಇದೆ, ಅದಕ್ಕೆ ಮಾತ್ರ ಕಾಣುವುದಿಲ್ಲ. ಹಾಗಾಗಿ ಮೊದಲೇ ಇಮೇಜ್ ಮೌಂಟ್ ಮಾಡಿ, ಆ ಡ್ರೈವ್‌ನಿಂದಲೇ ಇನ್‌ಸ್ಟಾಲ್ ಮಾಡಿ. ಪ್ರತಿ ಸಲ ಅದೇ ಅಕ್ಷರ ಬರುವ ಹಾಗೆ ನೋಡಿಕೊಳ್ಳಿ.

ಸೀಡಿಗೆ ಗೀರು ಬಿದ್ದಿದ್ದರೆ ಓದುವ ವೇಗ ಇಳಿಸಿ. 8ಎಕ್ಸ್ ವೇಗದಲ್ಲಿ ತುಂಬಿದ ಸೀಡಿಯೊಂದಕ್ಕೆ ಸುಮಾರು ಹತ್ತು ನಿಮಿಷ ಬೇಕು, ಒಂದು ಚಹಾ ಕುಡಿದು ಬರುವಷ್ಟು ಹೊತ್ತು. ಬೂಷ್ಟು ಹಿಡಿದದ್ದನ್ನು ಮೊದಲು ಒರೆಸಬೇಕು. ನಾನು ಅಪ್ಪನ ಹಳೇ ಪಂಚೆಯ ತುಂಡಿಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಸ್ವಲ್ಪ ನೀರು ಹಾಕಿ ಒರೆಸಿದೆ. ಒರೆಸುವುದು ನಡುವಿನಿಂದ ಅಂಚಿಗೆ, ನೇರವಾಗಿ. ಗುಂಡಗೆ ತಿರುಗಿಸಿ ಒರೆಸಿದರೆ ಗೀರು ಟ್ರ್ಯಾಕ್‌ನ ಉದ್ದಕ್ಕೂ ಬೀಳುತ್ತದೆ. ಇನ್ನೊಂದು ಮಾತು: ನಾವೆಲ್ಲ ಹೊಳೆಯುವ ಬದಿಯನ್ನೇ ಜೋಪಾನ ಮಾಡುತ್ತೇವೆ, ಆದರೆ ನಾಜೂಕಾದದ್ದು ಚಿತ್ರ ಇರುವ ಮೇಲ್ಬದಿ. ಅಲ್ಯೂಮಿನಿಯಂ ಪದರ ಅಲ್ಲೇ ತೆಳುವಾದ ವಾರ್ನಿಷ್ ಕೆಳಗೆ ಇರುತ್ತದೆ. ಹೊಳೆಯುವ ಬದಿಯ ಸಣ್ಣ ಗೀರನ್ನು ಉಜ್ಜಿ ಸರಿ ಮಾಡಬಹುದು, ಮೇಲ್ಬದಿಯಲ್ಲಿ ಪದರ ಕಿತ್ತುಹೋದರೆ ಮುಗಿಯಿತು.

ಮನೆಯಲ್ಲಿ ಬರೆದ ಸೀಡಿಗಳು ಇದ್ದರೆ, ಅಂದರೆ ಕೆಳಗೆ ಹಸಿರೋ ನೀಲಿಯೋ ಬಣ್ಣ ಇರುವಂಥವು, ಅವನ್ನೇ ಮೊದಲು ತೆಗೆದುಕೊಳ್ಳಿ. ಅವುಗಳಲ್ಲಿ ಮಾಹಿತಿ ನಿಂತಿರುವುದು ಬಣ್ಣದ ಪದರದಲ್ಲಿ. ಬಿಸಿಲು, ಸೆಕೆ ಎರಡಕ್ಕೂ ಆ ಬಣ್ಣ ಕೆಡುತ್ತದೆ. ನಮ್ಮ ಕರಾವಳಿಯ ಏಪ್ರಿಲ್-ಮೇ ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ.

ಇಮೇಜ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕುವಾಗ ಒಂದು ಅಡ್ಡಿ ಬರುತ್ತದೆ. ಫ್ಯಾಟ್32 ಮಾದರಿಯ ಪೆನ್‌ಡ್ರೈವ್ 4 ಜಿಬಿಗಿಂತ ದೊಡ್ಡ ಫೈಲ್ ತೆಗೆದುಕೊಳ್ಳುವುದಿಲ್ಲ. ಡಿವಿಡಿಯಲ್ಲಿ ಬಂದ ಆಟದ ಇಮೇಜ್ 4.7 ಜಿಬಿ ತನಕ ಇರಬಹುದು. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಳ್ಳಿ.

ಕಂಪನಿಯೇ ಬೀಗ ತೆಗೆದಿದ್ದರೆ

ಇಮೇಜ್ ಮಾಡಿಟ್ಟ ಮೇಲೂ, ಮೌಂಟ್ ಮಾಡುವ ಗೋಜೇ ಬೇಡ ಅನ್ನುವಂಥ ಆಟಗಳಿವೆ. ಆಟ ಮಾಡಿದವರೇ ಆಮೇಲೆ ಪ್ಯಾಚ್, ಅಂದರೆ ಆಟವನ್ನು ತಿದ್ದುವ ಫೈಲು ಬಿಟ್ಟು ಸೀಡಿ ಕೇಳುವುದನ್ನು ನಿಲ್ಲಿಸಿದ್ದಾರೆ. ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ದುಡ್ಡಿಲ್ಲ, ವೈರಸ್ ಭಯವಿಲ್ಲ, ಕಾನೂನಿನ ತಕರಾರಿಲ್ಲ.

ಸ್ಟಾರ್‌ಕ್ರಾಫ್ಟ್, ಡಿಯಾಬ್ಲೊ ಆಟಗಳ ಕಂಪನಿ ಬ್ಲಿಝಾರ್ಡ್ ಈ ವಿಷಯದಲ್ಲಿ ಆಡುವವರ ಪರವಾಗಿ ನಡೆದುಕೊಂಡಿತು. 2008ರಲ್ಲಿ ಸ್ಟಾರ್‌ಕ್ರಾಫ್ಟ್‌ಗೆ 1.15.2 ಪ್ಯಾಚ್, ಡಿಯಾಬ್ಲೊ 2ಕ್ಕೆ 1.12 ಪ್ಯಾಚ್ ಬಂತು. ಎರಡರಲ್ಲೂ ಸೀಡಿ ಬೇಕಾಗಿಲ್ಲ. ಸ್ಟಾರ್‌ಕ್ರಾಫ್ಟ್‌ನದು ನನಗೆ ತುಂಬ ಇಷ್ಟವಾದ ಉಪಾಯ. ಸೀಡಿಯಲ್ಲಿರುವ ಇನ್‌ಸ್ಟಾಲ್ ಎಂಬ ದೊಡ್ಡ ಫೈಲನ್ನು ಆಟದ ಫೋಲ್ಡರಿಗೆ ಕಾಪಿ ಮಾಡಿ, ಸ್ಟಾರ್‌ಕ್ರಾಫ್ಟ್ ಡಾಟ್ ಎಂಪಿಕ್ಯೂ ಅಂತ ಹೆಸರು ಬದಲಿಸಿದರೆ ಆಯಿತು. ಆಟದ ಚಿತ್ರ, ಧ್ವನಿ, ನಕ್ಷೆಗಳೆಲ್ಲ ಅದರೊಳಗೇ ಇದ್ದವು. 2017ರಲ್ಲಿ ಆ ಆಟವನ್ನು ಉಚಿತವಾಗಿಯೇ ಬಿಟ್ಟರು. ಅಲ್ಲಿಗೆ ಸೀಡಿಯ ಮಾತೇ ಇಲ್ಲ. ಇಎ ಎಂಬ ಇನ್ನೊಂದು ಆಟದ ಕಂಪನಿ ಕೂಡ 2007ರಲ್ಲಿ ಮೊದಲ ಕಮಾಂಡ್ ಅಂಡ್ ಕಾಂಕರ್, 2008ರಲ್ಲಿ ರೆಡ್ ಅಲರ್ಟ್ ಎರಡನ್ನೂ ಉಚಿತ ಮಾಡಿತು.

ನಿಮ್ಮ ಆಟದ ಕೊನೆಯ ಅಧಿಕೃತ ಪ್ಯಾಚ್ ಯಾವುದು, ಅದರ ಜೊತೆ ಬಂದ ಟಿಪ್ಪಣಿಯಲ್ಲಿ ಸೀಡಿ ಬಗ್ಗೆ ಏನಿದೆ ಅಂತ ಹತ್ತು ನಿಮಿಷ ಹುಡುಕಿ ನೋಡಿ. ಬಹಳ ಜನ ಇದನ್ನು ನೋಡದೆಯೇ ಕಷ್ಟದ ದಾರಿಗೆ ಹೋಗುತ್ತಾರೆ.

ಹೊಸ ಎಂಜಿನ್, ಹಳೇ ಫೈಲು

ಕೆಲವು ಆಟಗಳಿಗೆ ಅಭಿಮಾನಿಗಳು ಎಂಜಿನ್ ಹೊಸದಾಗಿ ಬರೆದಿದ್ದಾರೆ, ಇಲ್ಲವೇ ಹಳೆಯದನ್ನೇ ತಿದ್ದಿ ಬೆಳೆಸಿದ್ದಾರೆ. ಚಿತ್ರ, ಧ್ವನಿ, ನಕ್ಷೆ ನಿಮ್ಮ ಸೀಡಿಯದು, ಓಡಿಸುವ ಪ್ರೋಗ್ರಾಂ ಮಾತ್ರ ಹೊಸದು. ಸೀಡಿ ಹುಡುಕುವ ಹಳೇ ಪ್ರೋಗ್ರಾಂ ಬಳಸುವುದೇ ಇಲ್ಲವಾದ್ದರಿಂದ ಸೀಡಿ ಕೇಳುವ ಪ್ರಶ್ನೆಯೇ ಏಳುವುದಿಲ್ಲ.

ಮೊದಲ ಡಿಯಾಬ್ಲೊಗೆ ಡೆವಿಲ್ಯೂಷನ್ ಎಕ್ಸ್ ಇದೆ. ಸೀಡಿಯಿಂದ ಡಯಾಬ್‌ಡ್ಯಾಟ್ ಎಂಬ ಒಂದೇ ಫೈಲ್ ತೆಗೆದುಕೊಟ್ಟರೆ ಸಾಕು. 500 ಎಂಬಿಗಿಂತ ಸ್ವಲ್ಪ ಜಾಸ್ತಿ ಇದೆ ಅದು. ಇದು ಆಂಡ್ರಾಯ್ಡ್ ಫೋನಿನಲ್ಲೂ ಓಡುತ್ತದೆ. ಅಕ್ಕನ ಮಗ ಚೌತಿಯ ಮರುದಿನ ಜಗಲಿಯಲ್ಲಿ ಕೂತು, ನಾನು ಕಾಲೇಜಿನಲ್ಲಿದ್ದಾಗ ರಾತ್ರಿಯಿಡೀ ಆಡುತ್ತಿದ್ದ ಆ ಚರ್ಚಿನ ನೆಲಮಾಳಿಗೆಗೆ ಅಮ್ಮನ ಫೋನಿನಲ್ಲೇ ಇಳಿದಿದ್ದ. ಅದನ್ನು ನೋಡಿ ನನಗಾದ ಖುಷಿಗೆ ಈ ಎಂಜಿನ್ ಬರೆದವರಿಗೆಲ್ಲ ಕೈ ಮುಗಿಯಬೇಕು ಅನ್ನಿಸಿತು.

ಕ್ವೇಕ್‌ಗೆ ಕ್ವೇಕ್‌ಸ್ಪಾಸ್ಮ್ ಇದೆ. ಆಟ ಮಾಡಿದ ಐಡಿ ಸಾಫ್ಟ್‌ವೇರ್ ಕಂಪನಿ 1999ರಲ್ಲಿ ಕ್ವೇಕ್‌ನ ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಂನ ಮೂಲ ಬರಹ, ಬಿಡುಗಡೆ ಮಾಡಿದ್ದರಿಂದ ಇದು ಸಾಧ್ಯವಾಯಿತು. ಇದರಲ್ಲಿ ಸಂಗೀತದ ಸಮಸ್ಯೆಗೂ ಪರಿಹಾರ ಇದೆ. ಸೀಡಿಯ ಆಡಿಯೋ ಟ್ರ್ಯಾಕ್‌ಗಳನ್ನು ಓಜಿಜಿ ಅಥವಾ ಎಂಪಿ3 ಫೈಲುಗಳಾಗಿ ತೆಗೆದು, ಟ್ರ್ಯಾಕ್02, ಟ್ರ್ಯಾಕ್03 ಅಂತ ಹೆಸರಿಟ್ಟು, ಆಟದ ಐಡಿ1 (id1) ಫೋಲ್ಡರಿನೊಳಗೆ ಮ್ಯೂಸಿಕ್ ಎಂಬ ಫೋಲ್ಡರಿನಲ್ಲಿ ಇಡಬೇಕು. ಒಂದರಿಂದ ಅಲ್ಲ, ಎರಡರಿಂದ ಎಣಿಕೆ ಶುರು. ಒಂದನೆಯದು ಮಾಹಿತಿಯ ಟ್ರ್ಯಾಕ್ ತಾನೇ.

ಹಳೇ ಸಾಹಸದ ಆಟಗಳಿಗೆ ಸ್ಕಮ್‌ವಿಎಂ, ಥೀಮ್ ಹಾಸ್ಪಿಟಲ್‌ಗೆ ಕೋರ್ಸಿಕ್ಸ್‌ಟಿಎಚ್, ರೋಲರ್‌ಕೋಸ್ಟರ್ ಟೈಕೂನ್ 2ಕ್ಕೆ ಓಪನ್‌ಆರ್‌ಸಿಟಿ2 ಇವೆ. ಟ್ರಾನ್ಸ್‌ಪೋರ್ಟ್ ಟೈಕೂನ್ ಡಿಲಕ್ಸ್‌ನ ಓಪನ್‌ಟಿಟಿಡಿಗಂತೂ ಈಗ ಅದರದ್ದೇ ಉಚಿತ ಚಿತ್ರಗಳಿವೆ, ಸೀಡಿ ಇಲ್ಲದವರೂ ಆಡಬಹುದು.

ವಿಂಡೋಸ್‌ಗಿಂತ ಹಿಂದಿನ ಡಾಸ್ ಕಾಲದ ಆಟಗಳಿಗೆ ಡಾಸ್‌ಬಾಕ್ಸ್. ಇದು ಎಂಜಿನ್ ಅಲ್ಲ, ಹಳೇ ಕಂಪ್ಯೂಟರನ್ನೇ ನಟಿಸುವ ಪ್ರೋಗ್ರಾಂ. ಕ್ಯೂ ಫೈಲನ್ನು ನೇರವಾಗಿ ಇದಕ್ಕೇ ಕೊಡಬಹುದು, ಆಡಿಯೋ ಟ್ರ್ಯಾಕ್ ಕೂಡ ನುಡಿಸುತ್ತದೆ. ಡಾಸ್ ಆಟಕ್ಕೆ ವಿಂಡೋಸ್‌ನಲ್ಲಿ ಬೇರೆ ಡ್ರೈವ್ ಮಾಡುವ ತಂಟೆಗೆ ಹೋಗಬೇಡಿ, ಸೀದಾ ಇಲ್ಲಿಗೇ ಬನ್ನಿ.

ಇಮೇಜ್ ಮತ್ತು ಹೊಸ ಎಂಜಿನ್ ಎರಡರಲ್ಲಿ ಯಾವುದು ಮೇಲು? ಎಂಜಿನ್ ಇದ್ದರೆ ನಾನು ಅದನ್ನೇ ಆರಿಸುತ್ತೇನೆ. ಸೀಡಿಯ ತೊಂದರೆ ಒಂದೇ ಅಲ್ಲ, ಬಣ್ಣ ಕೆಡುವುದು, ದೊಡ್ಡ ಪರದೆಗೆ ಹೊಂದದಿರುವುದು, 64 ಬಿಟ್ ವಿಂಡೋಸ್‌ನಲ್ಲಿ ಹಳೇ 16 ಬಿಟ್ ಇನ್‌ಸ್ಟಾಲರ್ ಓಡದಿರುವುದು, ಇವೆಲ್ಲ ಒಟ್ಟಿಗೇ ಬಗೆಹರಿಯುತ್ತವೆ. ಆದರೆ ಆಟ ಅಂದಿನ ಹಾಗೇ, ಅದೇ ದೊರಗು ಚಿತ್ರದೊಂದಿಗೆ ಬೇಕು ಅನ್ನುವವರಿಗೆ ಇಮೇಜ್ ಒಳ್ಳೆಯದು.

ಮತ್ತೆ ದುಡ್ಡು ಕೊಟ್ಟು ಕೊಳ್ಳುವುದು

"ಒಮ್ಮೆ ಕೊಂಡದ್ದಕ್ಕೆ ಮತ್ತೆ ಯಾಕೆ ದುಡ್ಡು?" ಅಂತ ನನಗೂ ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ. ಕಾವಲು ಇರುವ ಆಟಕ್ಕೆ ಬಹಳ ಸಲ ಇದೇ ನೆಮ್ಮದಿಯ ದಾರಿ.

ಜಿಒಜಿ 2008ರಲ್ಲಿ ಹಳೇ ಆಟಗಳಿಗೆಂದೇ ಶುರುವಾದ ಇಂಟರ್ನೆಟ್ ಅಂಗಡಿ. ಪೋಲೆಂಡಿನ ಸಿಡಿ ಪ್ರಾಜೆಕ್ಟ್‌ನವರು ಕಟ್ಟಿದ್ದು. ಇಲ್ಲಿ ಕೊಂಡ ಆಟಕ್ಕೆ ಬೀಗವಿಲ್ಲ. ಇನ್‌ಸ್ಟಾಲರ್ ಇಳಿಸಿ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡರೆ ಇಂಟರ್ನೆಟ್ ಇಲ್ಲದ ಕಡೆಯೂ ಹಾಕಬಹುದು. ಘಟ್ಟದ ಮೇಲಿನ ಊರುಗಳಲ್ಲಿ, ಮಳೆಗೆ ನೆಟ್‌ವರ್ಕ್ ಹೋದರೆ ಮೂರು ದಿನ ಬಾರದ ಕಡೆ ಇದು ದೊಡ್ಡ ಅನುಕೂಲ. ಅಕ್ಕನ ಮನೆ ಅಂಥ ಕಡೆಯೇ ಇದೆ. ಅವರಿಗೆ ನಾನು ಸ್ಟೀಮ್ ಎಂಬ ಇನ್ನೊಂದು ಇಂಟರ್ನೆಟ್ ಅಂಗಡಿಗಿಂತ ಇದನ್ನೇ ಹೇಳುತ್ತೇನೆ. ಸ್ಟೀಮ್‌ನಲ್ಲಿ ಬೆಲೆ ರೂಪಾಯಿಯಲ್ಲೇ ಇರುತ್ತದೆ, ಆಟಗಳೂ ಜಾಸ್ತಿ, ಆದರೆ ಅದರದ್ದೇ ತಂತ್ರಾಂಶ ಬೇಕು. 2024ರ ಜನವರಿಯಿಂದ ಅದು ವಿಂಡೋಸ್ 7, 8ಕ್ಕೆ ಬೆಂಬಲವನ್ನೂ ನಿಲ್ಲಿಸಿದೆ. ಹಳೇ ಕಂಪ್ಯೂಟರ್ ಇರುವವರು ಕೊಳ್ಳುವ ಮೊದಲೇ ಇದನ್ನು ನೋಡಿಕೊಳ್ಳಿ.

ಹೊಸದಾಗಿ ಮಾಡಿದ ಆವೃತ್ತಿಗಳೂ ಇವೆ. 1999ರ ಏಜ್ ಆಫ್ ಎಂಪೈರ್ಸ್ 2ಕ್ಕೆ 2019ರಲ್ಲಿ ಡೆಫಿನಿಟಿವ್ ಎಡಿಷನ್ ಬಂತು. ಚೆಂದ ಇದೆ, ಆದರೆ ಹಳೇ ಆಟ ಓಡುತ್ತಿದ್ದ ಕಂಪ್ಯೂಟರಿಗೆ ಇದು ಭಾರ. ಕ್ವೇಕ್ 2021ರಲ್ಲಿ ಮತ್ತೆ ಬಂದಾಗ ಮೂಲ ಸಂಗೀತ ಸಮೇತ ಬಂತು.

ಬೇಡ ಅನ್ನುವ ದಾರಿ

ಇಂಟರ್ನೆಟ್‌ನಲ್ಲಿ ಹುಡುಕಿದರೆ ಮೊದಲು ಸಿಗುವುದೇ ನೋ-ಸಿಡಿ ಕ್ರ್ಯಾಕ್. ಆಟದ ಮುಖ್ಯ ಪ್ರೋಗ್ರಾಂ ಫೈಲನ್ನು ಯಾರೋ ತಿದ್ದಿ, ಸೀಡಿ ಕೇಳುವ ಭಾಗವನ್ನು ಕಿತ್ತು ಹಾಕಿರುತ್ತಾರೆ. ಅದನ್ನು ಇಳಿಸಿ ಹಳೆಯದರ ಜಾಗದಲ್ಲಿ ಹಾಕಿದರೆ ಎರಡೇ ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಸುಲಭ ಅನ್ನುವುದೇನೋ ನಿಜ. ಆದರೂ ನಾನು ಬೇಡ ಅನ್ನುತ್ತೇನೆ.

ಆ ಫೈಲಿನಲ್ಲಿ ಇನ್ನೇನಿದೆ ಅಂತ ತಿಳಿಯುವ ದಾರಿ ನಮಗಿಲ್ಲ. ಆಂಟಿವೈರಸ್ ಕೂಗುತ್ತದೆ. ಅದು ಸುಳ್ಳು ಎಚ್ಚರಿಕೆ, ಆಂಟಿವೈರಸ್ ಆಫ್ ಮಾಡಿ ಅಂತ ಆ ಪುಟದಲ್ಲೇ ಬರೆದಿರುತ್ತಾರೆ. ಕೆಲವೊಮ್ಮೆ ಅದು ನಿಜವೂ ಇರಬಹುದು. ಆದರೆ ನಿಜವಾದ ವೈರಸ್ ಇಟ್ಟವನೂ ಅದನ್ನೇ ಬರೆಯುತ್ತಾನೆ, ಅಲ್ವಾ? ನಾನು 2009ರ ಸುಮಾರಿಗೆ ಒಂದು ತಾಣದಿಂದ ಇಂಥ ಫೈಲ್ ಇಳಿಸಿ ಹಾಕಿದ್ದೆ. ಆಟ ಓಡಿತು. ವಾರದೊಳಗೆ ಪೆನ್‌ಡ್ರೈವ್ ಚುಚ್ಚಿದರೆ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗತೊಡಗಿದವು. ಆ ಪೆನ್‌ಡ್ರೈವ್ ಅಪ್ಪನ ಆಫೀಸಿಗೂ ಹೋಗಿಬಂದಿತ್ತು. ಆ ಬೇಜಾರು ಇನ್ನೂ ಇದೆ. ಈಗ ಅದೇ ಕಂಪ್ಯೂಟರಿನಲ್ಲಿ ಬ್ಯಾಂಕಿನ ಕೆಲಸವನ್ನೂ ಮಾಡುತ್ತೇವೆ.

ಕಾನೂನಿನ ಮಾತೂ ಇದೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್, ನ್ಯಾಯವಾಗಿ ಕೊಂಡ ಕಂಪ್ಯೂಟರ್ ಪ್ರೋಗ್ರಾಂಗೆ ಬ್ಯಾಕಪ್ ಪ್ರತಿ ಮಾಡಿಟ್ಟುಕೊಳ್ಳಲು ಅವಕಾಶ ಕೊಡುತ್ತದೆ. ಕಳೆದರೆ, ಕೆಟ್ಟರೆ ಇರಲಿ ಅಂತ. ಇಮೇಜ್ ಮಾಡುವವರಿಗೆ ಇದು ಧೈರ್ಯ. 2012ರ ತಿದ್ದುಪಡಿಯಲ್ಲಿ 65ಎ ಸೆಕ್ಷನ್ ಸೇರಿತು. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ರಕ್ಷಣೆಯ ಬೀಗ ಮುರಿದರೆ 2 ವರ್ಷದ ತನಕ ಜೈಲು, ದಂಡ ಎರಡೂ ಇದೆ. ಮಾಡಿದ ಇಮೇಜನ್ನು ಗೆಳೆಯರಿಗೆಲ್ಲ ಹಂಚುವುದು ಬ್ಯಾಕಪ್ ಆಗುವುದಿಲ್ಲ. ಅಸಲಿ ಸೀಡಿಯನ್ನು ಎಸೆಯಬೇಡಿ, ಕೊಂಡದ್ದಕ್ಕೆ ಗುರುತು ಅದೇ.

ಯಾವುದಕ್ಕೂ ಬಗ್ಗದ ಆಟ

ನನ್ನ ಡಬ್ಬಿಯಲ್ಲಿ ಅಕ್ಕನ ಮಗ ಮೊದಲು ಎತ್ತಿಕೊಂಡದ್ದು 2005ರ ನೀಡ್ ಫಾರ್ ಸ್ಪೀಡ್ ಮೋಸ್ಟ್ ವಾಂಟೆಡ್. ಎಲ್ಲಕ್ಕಿಂತ ಕಷ್ಟ ಕೊಟ್ಟದ್ದೂ ಅದೇ.

ಅದರಲ್ಲಿರುವುದು ಸೇಫ್‌ಡಿಸ್ಕ್. ಈ ಕಾವಲು ವಿಂಡೋಸ್‌ನ ತೀರ ಒಳಗೆ ಕೂರುವ ಡ್ರೈವರ್ ಎಂಬ ಒಂದು ಸಣ್ಣ ಪ್ರೋಗ್ರಾಂ ನಂಬಿಕೊಂಡಿದೆ. ಆ ಡ್ರೈವರಿನಲ್ಲಿ ಭದ್ರತೆಯ ದೋಷ ಇತ್ತು. 2015ರಲ್ಲಿ ವಿಂಡೋಸ್ 10 ಬಂದಾಗ ಮೈಕ್ರೋಸಾಫ್ಟ್ ಅದನ್ನು ಬಿಟ್ಟುಬಿಟ್ಟಿತು. ಅದೇ ಸೆಪ್ಟೆಂಬರಿನ ಎಂಎಸ್15-097 ಅಪ್‌ಡೇಟ್‌ನಲ್ಲಿ ವಿಸ್ಟಾ, 7, 8, 8.1ರಲ್ಲೂ ನಿಲ್ಲಿಸಿತು. ಹಾಗಾಗಿ ಹೊಸ ಕಂಪ್ಯೂಟರಿನಲ್ಲಿ ಅಸಲಿ ಡಿಸ್ಕನ್ನೇ ಡ್ರೈವ್‌ನಲ್ಲಿ ಇಟ್ಟರೂ ಆಟ ಶುರುವಾಗುವುದಿಲ್ಲ. ತಪ್ಪು ನಿಮ್ಮ ಡಿಸ್ಕಿನದಲ್ಲ, ಡ್ರೈವ್‌ನದೂ ಅಲ್ಲ. ಇದು ಗೊತ್ತಿಲ್ಲದೆ ಹೊಸ ಡ್ರೈವ್ ಕೊಂಡವರನ್ನು ನಾನು ನೋಡಿದ್ದೇನೆ.

ಇಮೇಜ್ ಮಾಡಿದರೂ ಉಪಯೋಗವಿಲ್ಲ. ಮಾಮೂಲಿ ಇಮೇಜ್‌ನಲ್ಲಿ ಕಾವಲಿನ ಗುರುತುಗಳು ಬರುವುದಿಲ್ಲ, ನಂತರದ ಸೇಫ್‌ಡಿಸ್ಕ್ ಆವೃತ್ತಿಗಳು ಇಮೇಜ್‌ನಿಂದ ಮಾಡಿದ ಡ್ರೈವ್ ನಿಜವಾದದ್ದಲ್ಲ ಅಂತ ಕಂಡುಹಿಡಿಯುತ್ತವೆ. ಮತ್ತೆ ಕೊಳ್ಳೋಣವೆಂದರೆ ಅಂಗಡಿಯಲ್ಲಿರುವುದು ಅದೇ ಹೆಸರಿನ 2012ರ ಬೇರೆ ಆಟ. ಹೆಸರು ನೋಡಿ ದುಡ್ಡು ಕೊಟ್ಟುಬಿಡಬೇಡಿ.

ಇಂಥದ್ದಕ್ಕೆ ಉಳಿದ ದಾರಿ ಹಳೇ ಕಂಪ್ಯೂಟರ್. ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್‌ನ ಬೆಂಬಲ 2014ರ ಏಪ್ರಿಲ್‌ನಲ್ಲೇ ಮುಗಿದಿತ್ತು, ಹಾಗಾಗಿ ಆ ಅಪ್‌ಡೇಟ್ ಅದಕ್ಕೆ ಬರಲೇ ಇಲ್ಲ. ಡಿಸ್ಕ್ ಹಾಕಿದರೆ ಆಟ ಓಡುತ್ತದೆ. ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ನಟಿಸುವ ವರ್ಚುವಲ್ ಬಾಕ್ಸ್‌ನಂಥ ತಂತ್ರಾಂಶದೊಳಗೆ ಎಕ್ಸ್‌ಪಿ ಹಾಕಿ ನೋಡಬಹುದು, ಆದರೆ ಇಷ್ಟು ಭಾರದ 3ಡಿ ಆಟಕ್ಕೆ ಅದು ಸಾಲುವುದಿಲ್ಲ. ಚದುರಂಗದಂಥ ಹಗುರ ಆಟಕ್ಕೆ ಆದೀತು.

ನಮ್ಮ ಮನೆಯ ಹಳೇ ಡೆಸ್ಕ್‌ಟಾಪ್ ಅಟ್ಟದಲ್ಲೇ ಇತ್ತು. ಇಳಿಸಿ, ಧೂಳು ಹೊಡೆದು, ರ‍್ಯಾಮ್ ತೆಗೆದು ಅದರ ಕಾಲುಗಳನ್ನು ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಹಾಕಿದೆ. ಉಪ್ಪುಗಾಳಿಗೆ ಅಲ್ಲಿ ಕಿಲುಬು ಹಿಡಿದಿತ್ತು. ಮೂರನೇ ಸಲಕ್ಕೆ ಹತ್ತಿತು. ಎಕ್ಸ್‌ಪಿ ಕಂಪ್ಯೂಟರಿಗೆ ಇಂಟರ್ನೆಟ್ ಕೊಡಬೇಡಿ, ಆಟಕ್ಕಷ್ಟೇ ಇಟ್ಟುಕೊಳ್ಳಿ. ಸೀಡಿ ಇಲ್ಲದೆ ಆಡುವ ದಾರಿ ಹುಡುಕಲು ಹೊರಟವನು ಈ ಒಂದು ಆಟಕ್ಕೆ ಮಾತ್ರ ಡಿಸ್ಕನ್ನು ಡ್ರೈವ್‌ನಲ್ಲೇ ಬಿಟ್ಟಿದ್ದೇನೆ.

ಉಳಿದ 22ರಲ್ಲಿ 19ರ ಇಮೇಜ್ ಸರಿಯಾಗಿ ಬಂತು. ಮೂರು ಹೋದವು, ಅದರಲ್ಲಿ ಎರಡು ಬರೆದ ಸೀಡಿಗಳು. ಬಂದವನ್ನು ಎರಡು ಕಡೆ ಇಟ್ಟಿದ್ದೇನೆ, ಒಂದು ಪ್ರತಿ ಇಲ್ಲಿ, ಒಂದು ಅಕ್ಕನ ಮನೆಯಲ್ಲಿ. ಅಸಲಿ ಸೀಡಿಗಳನ್ನು ಬಿಸ್ಕಿಟ್ ಡಬ್ಬಿಯಿಂದ ತೆಗೆದು, ರಬ್ಬರ್ ಅಂಚಿನ ಗಾಳಿಯಾಡದ ಡಬ್ಬಿಗೆ ಹಾಕಿದೆ. ಒಂದೊಂದನ್ನೂ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ಇಡೋಣ ಅಂದುಕೊಂಡಿದ್ದೆ, ಅಮ್ಮ ಬೇಡ ಅಂದಳು. ಒಳಗೆ ಪಸೆ ಉಳಿದರೆ ಅಲ್ಲೇ ಬೂಷ್ಟು ಬರುತ್ತದೆ, ಹಪ್ಪಳ ಇಟ್ಟ ಹಾಗೆ ಬಿಸಿಲಿರುವ ದಿನ ಒಣ ಕೈಯಲ್ಲಿ ತುಂಬಬೇಕು ಅಂತ. ಹಾಗೇ ಮಾಡಿದೆ. ಜೊತೆಗೆ ಹೊಸ ಶೂ ಡಬ್ಬಿಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ನಾಲ್ಕು. ಪ್ರತಿ ಸೀಡಿಯ ಕವರಿನ ಮೇಲೆ ಪೆನ್ಸಿಲಿನಲ್ಲಿ ಬರೆದಿದ್ದೇನೆ: ಐಎಸ್‌ಒ, ಬಿನ್-ಕ್ಯೂ, ಎಂಜಿನ್, ಅಥವಾ ಎಕ್ಸ್‌ಪಿ. ಈ ಚೌತಿಗೆ ಅವನು ಬಂದು ಡಬ್ಬಿ ತೆರೆದರೆ ಯಾವುದನ್ನು ಹೇಗೆ ಹಚ್ಚಬೇಕು ಅಂತ ನನ್ನನ್ನು ಕೇಳಬೇಕಾಗಿಲ್ಲ.